ಐದನೆಯ ಚಕ್ರ

ಬೆಂಗಳೂರಿನ ದಂಡುಪ್ರದೇಶದ ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಳೆಯ ಕಟ್ಟಡವಿದೆ. 1927ರಲ್ಲಿ ನಿರ್ಮಾಣಗೊಂಡು 1933ರಲ್ಲಿ ಇಸ್ಮಾಯಿಲ್ ಸೇಠರಿಂದ ಉದ್ಘಾಟಿತವಾದ ಈ ಮಾರುಕಟ್ಟೆಗೆ ಅಂದಿನ ಪುರಸಭೆಯ ಆಯುಕ್ತರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರನ್ನು ಇಡಲಾಯಿತು. ಒಳಗೆ ಹೂವು, ಹಣ್ಣು, ತರಕಾರಿಗಳ ರಾಶಿ. ಸುತ್ತಲಿನ ಗಲ್ಲಿಗಳಲ್ಲಿ ಬೇರೆಯದೇ ಒಂದು ಲೋಕ. ಅಲ್ಲಿನ ಗುಜರಿ ಅಂಗಡಿಗಳಲ್ಲಿ ಹಳೆಯ ಕಾರುಗಳ ದೀಪ, ಬಾಗಿಲು, ಕನ್ನಡಿ, ಚಕ್ರ ಎಲ್ಲವೂ ಮರುಜನ್ಮಕ್ಕಾಗಿ ಕಾದು ಕುಳಿತಿರುತ್ತವೆ. ಒಂದೆಡೆ ಬೇಡವಾದದ್ದು ಇನ್ನೊಂದೆಡೆ ಬೇಕಾಗುತ್ತದೆ ಎಂಬ ಸತ್ಯವನ್ನು ಈ ಗಲ್ಲಿಗಳಷ್ಟು ಚೆನ್ನಾಗಿ ಕಲಿಸುವ ಪಾಠಶಾಲೆ ಮತ್ತೊಂದಿಲ್ಲ.

ಹೊಸ ಕಾರೊಂದರ ಒಡೆಯ ಇಂತಹ ಅಂಗಡಿಯೊಂದಕ್ಕೆ ಬಂದನೆಂದು ಇಟ್ಟುಕೊಳ್ಳೋಣ. ಅವನ ಕಾರಿಗೆ ನಾಲ್ಕೇ ಚಕ್ರಗಳು. ಐದನೆಯದನ್ನು ಕಂಪನಿ ಕೊಟ್ಟಿಲ್ಲ. ಊರಿಗೆ ಹೋಗುವ ಮೊದಲು ಒಂದು ಚಕ್ರವನ್ನು ಕೊಂಡು ಇಟ್ಟುಕೊಳ್ಳೋಣವೆಂಬುದು ಅವನ ಆಲೋಚನೆ. ಅಂಗಡಿಯ ಮುದುಕ ಒಂದು ಚಕ್ರವನ್ನು ತೆಗೆದು ನೋಡುತ್ತಾನೆ, ಇನ್ನೊಂದನ್ನು ನೋಡುತ್ತಾನೆ, ಕೊನೆಗೆ ತಲೆಯಾಡಿಸುತ್ತಾನೆ.

“ಇದು ಕೂಡುವುದಿಲ್ಲ ಸ್ವಾಮಿ. ಇದರ ಬೋಲ್ಟಿನ ತೂತುಗಳ ಅಳತೆಯೇ ಬೇರೆ.”

“ಕೂಡುವಂಥದು ಸಿಕ್ಕರೆ?”

“ಸಿಕ್ಕರೂ ಇಡುವುದು ಎಲ್ಲಿ? ನಿಮ್ಮ ಡಿಕ್ಕಿಯಲ್ಲಿ ಅದಕ್ಕೆ ಗುಂಡಿಯನ್ನೇ ಬಿಟ್ಟಿಲ್ಲವಲ್ಲ!”

ಮುದುಕನ ಈ ಮಾತಿನಲ್ಲಿ ಇಂದಿನ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಆಧುನಿಕ ಕಾರಿಗೆ ಹೆಚ್ಚುವರಿ ಚಕ್ರ ಬೇಕೆ, ಬೇಡವೆ?

ಈ ಚಕ್ರವನ್ನು ನಮ್ಮ ಜನ ‘ಸ್ಟೆಪ್ನಿ’ ಎಂದು ಕರೆಯುತ್ತಾರೆ. ಆ ಹೆಸರಿನ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು 1888ರಲ್ಲಿ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಪ್ರಯಾಣ ಹಗುರವಾಯಿತು, ಆದರೆ ಪಂಕ್ಚರಿನ ಕಾಟವೂ ಅದರ ಜೊತೆಯಲ್ಲಿಯೇ ಹುಟ್ಟಿತು. ಆಗಿನ ರಸ್ತೆಗಳಲ್ಲಿ ಕುದುರೆಯ ಲಾಳದ ಮೊಳೆಗಳು ಉದುರಿಬಿದ್ದಿರುತ್ತಿದ್ದವು. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವಿರಲಿಲ್ಲ. ಟೈರು ಒಡೆದಲ್ಲಿಯೇ ಕುಳಿತು ಅದನ್ನು ಬಿಚ್ಚಿ, ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕಾಗಿತ್ತು. ಈ ಕಷ್ಟವನ್ನು ಕಂಡ ವೇಲ್ಸಿನ ಥಾಮಸ್ ಮಾರಿಸ್ ಡೇವಿಸ್ ಎಂಬಾತ 1904ರಲ್ಲಿ ಕೆಟ್ಟ ಚಕ್ರದ ಮೇಲೆಯೇ ಬಿಗಿದುಕೊಳ್ಳಬಹುದಾದ, ಗಾಳಿ ತುಂಬಿದ ಟೈರುಳ್ಳ ಒಂದು ಬಳೆಯನ್ನು ರೂಪಿಸಿದನು. ಲನೆಲ್ಲಿ ಎಂಬ ಊರಿನಲ್ಲಿ ಅವನ ಅಂಗಡಿಯಿದ್ದ ಬೀದಿಯ ಹೆಸರು ಸ್ಟೆಪ್ನಿ. ಬೀದಿಯ ಹೆಸರು ಚಕ್ರಕ್ಕೆ ಬಂದಿತು. ಚಕ್ರದೊಡನೆ ಕಡಲು ದಾಟಿ ನಮ್ಮ ನಾಡಿಗೂ ಬಂದಿತು. ಆ ವಿಶೇಷ ಬಳೆ ಮಾಯವಾಗಿದ್ದರೂ ಹೆಸರು ಮಾತ್ರ ನಮ್ಮ ಚಾಲಕರ ನಾಲಗೆಯ ಮೇಲೆ ಉಳಿದುಕೊಂಡಿದೆ.

ಇಂತಹ ಚಕ್ರ ಈಗ ಕೆಲವು ಕಾರುಗಳಿಂದ ಮರೆಯಾಗುತ್ತಿದೆ. ಭಾರತ ಸರ್ಕಾರವು 2020ರ ಜುಲೈ ತಿಂಗಳಿನಲ್ಲಿ ಮೋಟಾರು ವಾಹನಗಳ ನಿಯಮವನ್ನು ತಿದ್ದಿತು. ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಈ ತಿದ್ದುಪಡಿಯಂತೆ, 3.5 ಟನ್ನಿನವರೆಗಿನ ಪ್ರಯಾಣಿಕರ ಕಾರಿಗೆ ಟ್ಯೂಬಿಲ್ಲದ ಟೈರು, ಟೈರಿನ ಗಾಳಿಯ ಒತ್ತಡವನ್ನು ಸೂಚಿಸುವ ಸಾಧನ ಮತ್ತು ಪಂಕ್ಚರ್ ದುರಸ್ತಿಯ ಸಾಮಗ್ರಿ ಇವು ಮೂರೂ ಇದ್ದರೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲ. ನಿಯಮವು ಐದನೆಯ ಚಕ್ರವನ್ನು ನಿಷೇಧಿಸಿಲ್ಲ. ಬಿಡುವುದಕ್ಕೆ ಅನುಮತಿಯನ್ನಷ್ಟೇ ಕೊಟ್ಟಿದೆ ಎಂಬುದನ್ನು ಮರೆಯಬಾರದು.

ಬೇಡವೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಟ್ಯೂಬಿಲ್ಲದ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುವುದಿಲ್ಲ; ಮೆಲ್ಲನೆ ಸೋರುತ್ತದೆ. ಒತ್ತಡದ ಸೂಚಕವು ಚಾಲಕನನ್ನು ಮೊದಲೇ ಎಚ್ಚರಿಸುತ್ತದೆ. ಸೀಸೆಯಲ್ಲಿರುವ ಅಂಟುದ್ರವವನ್ನು ಟೈರಿನೊಳಕ್ಕೆ ಹಾಯಿಸಿ, ಸಣ್ಣ ಯಂತ್ರದಿಂದ ಗಾಳಿ ತುಂಬಿದರೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು. ಹೆಚ್ಚುವರಿ ಚಕ್ರ ಹದಿನೈದು ಇಪ್ಪತ್ತು ಕಿಲೋಗ್ರಾಂ ತೂಗುತ್ತದೆ. ಅದನ್ನು ವರ್ಷಗಟ್ಟಲೆ ಸುಮ್ಮನೆ ಹೊತ್ತು ತಿರುಗಲು ಇಂಧನ ಬೇಕು. ವಿದ್ಯುತ್ ಕಾರಿನ ಬ್ಯಾಟರಿಗೂ, ಅನಿಲದ ಸಿಲಿಂಡರಿಗೂ ಜಾಗ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಾಹನಗಳು ಭರದಿಂದ ಓಡುವ ಹೆದ್ದಾರಿಯ ಅಂಚಿನಲ್ಲಿ ಜಾಕ್ ಏರಿಸಿ ಚಕ್ರ ಬದಲಿಸುವುದು ಅಪಾಯದ ಕೆಲಸ. ವಯಸ್ಸಾದವರಿಗೆ, ಮೈಯಲ್ಲಿ ಶಕ್ತಿ ಕಡಿಮೆಯಿದ್ದವರಿಗೆ ಅದು ಆಗದ ಮಾತು. ಶಿವಾಜಿನಗರದಿಂದ ಹಲಸೂರಿಗೆ, ಹಲಸೂರಿನಿಂದ ಇಂದಿರಾನಗರಕ್ಕೆ ಓಡಾಡುವ ಕಾರಿಗೆ ಈ ವ್ಯವಸ್ಥೆ ಧಾರಾಳವಾಗಿ ಸಾಕು.

ಆದರೆ ಕಾರು ನಗರದ ಎಲ್ಲೆಯಲ್ಲಿಯೇ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರು. ನಡುವೆ ಶಿರಾಡಿಯ ಘಟ್ಟವಿದೆ. ಮಳೆಗಾಲದ ರಾತ್ರಿ, ಮಕ್ಕಳನ್ನೂ ವಯಸ್ಸಾದವರನ್ನೂ ಕೂರಿಸಿಕೊಂಡ ಒಂದು ಕಾರು ಅಲ್ಲಿ ನೀರು ತುಂಬಿದ ಗುಂಡಿಗೆ ಇಳಿಯಿತೆಂದು ಭಾವಿಸಬೇಕು. ಗುಂಡಿಯ ಚೂಪಾದ ಅಂಚಿಗೆ ಬಡಿದು ಟೈರಿನ ಪಕ್ಕೆಯೇ ಸೀಳಿಹೋಗುತ್ತದೆ. ಸೂಚಕ ಸಾಧನ ಆಗ ಸೂಚಿಸುವುದಾದರೂ ಏನನ್ನು? ಅಂಟುದ್ರವವು ಟೈರಿನ ಮೇಲ್ಮೈಗೆ ಮೊಳೆ ಚುಚ್ಚಿದಷ್ಟು ಸಣ್ಣ ತೂತನ್ನು ಮುಚ್ಚೀತೇ ಹೊರತು ಪಕ್ಕೆಯ ಸೀಳನ್ನಲ್ಲ. ಗಾಳಿ ಹೋದರೂ ಓಡಬಲ್ಲ ವಿಶೇಷ ಟೈರುಗಳು ಉಂಟು; ಅವೂ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರು ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರು ದೂರಕ್ಕಷ್ಟೇ ಆದಾವು, ಬೆಲೆಯೂ ಹೆಚ್ಚು. ದೂರವಾಣಿಯಲ್ಲಿ ಸಹಾಯ ಕೇಳೋಣವೆಂದರೆ ಘಟ್ಟದ ಎಲ್ಲ ತಿರುವುಗಳಲ್ಲಿಯೂ ಸಂಪರ್ಕ ಸಿಗುವುದಿಲ್ಲ.

ಅದೇ ಹೊತ್ತಿಗೆ ಲಾರಿಯ ಚಾಲಕನೊಬ್ಬ ಕನಿಕರದಿಂದ ವಾಹನ ನಿಲ್ಲಿಸಿ ಇಳಿದು ಬರಬಹುದು. ಕಾರಿನಲ್ಲಿ ಐದನೆಯ ಚಕ್ರವಿದ್ದರೆ ಅವನ ತೋಳ್ಬಲದಿಂದ ಅರ್ಧ ಗಂಟೆಯೊಳಗೆ ಆ ಕುಟುಂಬ ಮುಂದಕ್ಕೆ ಸಾಗುತ್ತದೆ. ಚಕ್ರವೇ ಇಲ್ಲವಾದರೆ ಅವನ ಸಜ್ಜನಿಕೆ ಏನನ್ನು ಮಾಡೀತು? ಚಕ್ರ ಬದಲಿಸಲು ತನಗೆ ಶಕ್ತಿಯಿಲ್ಲವೆಂಬುದು ಚಕ್ರ ಬೇಡವೆನ್ನಲು ಕಾರಣವಾಗಲಾರದು. ಶಕ್ತಿಯನ್ನು ದಾರಿಹೋಕನಿಂದ ಕಡ ಪಡೆಯಬಹುದು. ಅಳತೆಗೆ ಕೂಡುವ ಚಕ್ರವನ್ನು ಕಡ ಪಡೆಯಲಾಗದು.

ನಮ್ಮ ಹಿರಿಯರು ಈ ವಿವೇಕವನ್ನು ಪುಸ್ತಕ ಓದಿ ಕಲಿತವರಲ್ಲ. ದೂರದ ಸಂತೆಗೆ ಬಂಡಿ ಕಟ್ಟುವ ರೈತ ಒಂದು ಕಡೆಗೀಲನ್ನೂ ಒಂದು ಮಾರು ಹಗ್ಗವನ್ನೂ ಹೆಚ್ಚಾಗಿ ಇಟ್ಟುಕೊಳ್ಳುತ್ತಿದ್ದನು. ಎಷ್ಟೇ ಬರಗಾಲ ಬಂದರೂ ಬಿತ್ತನೆಯ ಬೀಜಕ್ಕೆ ಕೈಹಾಕುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ಕಂಡು ಲೋಕ ನಗುತ್ತದೆ. ಆಪತ್ತು ಹೇಳಿ ಬರುವುದಿಲ್ಲ. ರಸೆಲ್ ಮಾರುಕಟ್ಟೆಯಲ್ಲಿಯೇ 2012ರ ಫೆಬ್ರವರಿ ತಿಂಗಳಿನಲ್ಲಿ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟುಹೋದವು. ನೂರು ದಿನ ಬೇಕಾಗದ ವಸ್ತು ನೂರೊಂದನೆಯ ದಿನ ಪ್ರಾಣದಷ್ಟು ಅಗತ್ಯವಾಗುವುದೆಂಬುದು ಅಂತಹ ಗಳಿಗೆಗಳಲ್ಲಿ ಮನವರಿಕೆಯಾಗುತ್ತದೆ.

ಐದನೆಯ ಚಕ್ರವನ್ನು ಸಮರ್ಥಿಸುವವರೂ ತಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಡಿಕ್ಕಿಯ ಕತ್ತಲೆಯಲ್ಲಿ ಅದನ್ನು ಹಾಕಿ ವರ್ಷಗಟ್ಟಲೆ ಮರೆತುಬಿಡುವವರೇ ಹೆಚ್ಚು. ಬಳಸದಿದ್ದರೂ ಅದರ ಗಾಳಿ ಇಳಿಯುತ್ತದೆ, ರಬ್ಬರು ಮುಪ್ಪಾಗುತ್ತದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕೆಗಳಿರುತ್ತವೆ: 2319 ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ಇದನ್ನು ಓದಬಲ್ಲವರು ಎಷ್ಟು ಮಂದಿ? ಗಾಳಿಯಿಲ್ಲದ ಸ್ಟೆಪ್ನಿಯನ್ನು ಹೊತ್ತು ಸಾಗುವುದು ತೂತುಬಿದ್ದ ಕೊಡೆಯನ್ನು ಹಿಡಿದು ಮಳೆಗೆ ಹೊರಟಂತೆ. ಅಂಟುದ್ರವದ ಸೀಸೆಗೂ ಒಂದು ಅವಧಿಯುಂಟು. ಸಾಧನ ಯಾವುದೇ ಇರಲಿ, ಅದನ್ನು ಕಾಯುವ ಎಚ್ಚರ ಮನುಷ್ಯನದೇ.

ಹೀಗಿರುವಲ್ಲಿ ನ್ಯಾಯವಾದ ಮಾರ್ಗ ಯಾವುದು? ಎಲ್ಲ ಕಾರಿಗೂ ಐದನೆಯ ಚಕ್ರ ಇರಲೇಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಆದರೆ ಬೇಕೋ ಬೇಡವೋ ಎಂಬ ತೀರ್ಮಾನ ಆ ದಾರಿಯಲ್ಲಿ ಸಾಗುವವನಿಗೆ ಸೇರಬೇಕು. ತಯಾರಕನು ಡಿಕ್ಕಿಯಲ್ಲಿ ಗುಂಡಿಯನ್ನೇ ಬಿಡದೆ ಹೋದರೆ ಕೊಳ್ಳುವವನಿಗೆ ಆಯ್ಕೆ ಉಳಿಯಲಿಲ್ಲ. ಚಕ್ರವನ್ನು ಉಳಿಸಿದ ಲಾಭ ಒಬ್ಬನಿಗೆ, ನಡುರಾತ್ರಿ ಘಟ್ಟದಲ್ಲಿ ನಿಲ್ಲುವ ಪಾಡು ಇನ್ನೊಬ್ಬನಿಗೆ ಎಂದಾಗಬಾರದು. ಆದುದರಿಂದ ಕಾರಿನ ರಚನೆಯಲ್ಲಿ ಒಂದು ಚಕ್ರಕ್ಕೆ, ಕನಿಷ್ಠಪಕ್ಷ ಕಿರಿದಾದ ತಾತ್ಕಾಲಿಕ ಚಕ್ರಕ್ಕೆ, ಜಾಗವಿರಲಿ. ಅಳತೆಗೆ ಕೂಡುವ ಚಕ್ರ ಮಾರಾಟಕ್ಕೆ ದೊರೆಯಲಿ. ಹೆಚ್ಚುವರಿ ಚಕ್ರವಿಲ್ಲವೆಂಬ ಸಂಗತಿಯನ್ನು ಹಣ ಕೊಡುವ ಮೊದಲೇ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಲಿ. ಬ್ಯಾಟರಿಯ ಕಾರಣದಿಂದ ಜಾಗ ಬಿಡಲಾಗದಿದ್ದರೆ, ದಾರಿಯಲ್ಲಿ ನೆರವು ಒದಗಿಸುವ ಹೊಣೆಯನ್ನು ತಯಾರಕನೇ ಹೊರಲಿ.

ರಸೆಲ್ ಮಾರುಕಟ್ಟೆಗೆ ಸರಕು ಹೊತ್ತು ತರುವ ಲಾರಿಗಳ ಅಡಿಯಲ್ಲಿ ಇಂದಿಗೂ ಒಂದು ಚಕ್ರ ನೇತಾಡುತ್ತಿರುತ್ತದೆ. ನಾಲ್ಕು ಜನರ ಊಟ ತನ್ನ ಪಯಣವನ್ನು ನಂಬಿದೆಯೆಂಬುದನ್ನು ಬಲ್ಲ ಚಾಲಕ ಅದನ್ನು ಭಾರವೆಂದು ಬಗೆಯುವುದಿಲ್ಲ. ಹೊರಡುವ ಮುನ್ನ ಅದನ್ನೂ ಒಮ್ಮೆ ತಟ್ಟಿ ನೋಡಿ, ಗಾಳಿಯಿದೆಯೆಂದು ತಿಳಿದ ಮೇಲೆಯೇ ಲಾರಿಯನ್ನು ಏರುತ್ತಾನೆ.