ಹದಿನೇಳನೇ ಪ್ರಶ್ನೆ

ಜೂನ್ ಬಂತೆಂದರೆ ಧಾರವಾಡದ ಸಪ್ತಾಪುರದಲ್ಲಿ ಕರೆಂಟ್ ಕಂಬಗಳು ಕಾಣುವುದಿಲ್ಲ, ಅಷ್ಟು ಚೀಟಿ. ‘ರೂಮಿನಲ್ಲಿ ಒಂದು ಕಾಟ್ ಖಾಲಿ ಇದೆ’, ‘ಓದುವ ಹುಡುಗರಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಆದ್ಯತೆ’, ಕೆಳಗೊಂದು ಮೊಬೈಲ್ ನಂಬರು. ಡಿಗ್ರಿಗೋ ಕೋಚಿಂಗಿಗೋ ಬಂದ ಹುಡುಗನ ಹೆಗಲಿಗೆ ಬ್ಯಾಗು, ಅಪ್ಪನ ಕಂಕುಳಲ್ಲಿ ಹಾಸಿಗೆ ಸುರುಳಿ. ಇಬ್ಬರೂ ಕಂಬದಿಂದ ಕಂಬಕ್ಕೆ ಓದುತ್ತ ಹೋಗುತ್ತಾರೆ.

ಈ ಕಂಬಗಳ ಕೆಲಸವನ್ನು ಮೊಬೈಲ್ ಆ್ಯಪಿಗೆ ಒಪ್ಪಿಸುತ್ತೇವೆ ಎಂದು ಇಬ್ಬರು ಇಂಜಿನಿಯರಿಂಗ್ ಹುಡುಗರು ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದಿದ್ದರು. ಅದರ ಕನ್ನಡ ತಿದ್ದಿಸಲು ನನ್ನ ಹತ್ತಿರ ಬಂದರು. ರೂಮ್‌ಮೇಟ್ ಬೇಕಾದವರಿಗೆ ಕೇಳುವ ಪ್ರಶ್ನೆಗಳು ಒಟ್ಟು 42. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ, ಲೈಟ್ ಹಾಕಿಕೊಂಡು ಓದುತ್ತೀರಾ, ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಚೆನ್ನಾಗಿಯೇ ಹೊರಟಿತ್ತು. ಹದಿನೇಳನೆಯದು: ‘ನಿಮ್ಮ ಸಮುದಾಯ?’

“ಇದ್ಯಾಕ್ರೋ?” ಅಂದೆ.

“ಸರ್, ಮಾಲಕರು ಹೆಂಗಿದ್ರೂ ಕೇಳ್ತಾರ್ರೀ. ನಾವ ಮೊದಲ ಕೇಳಿಬಿಟ್ರ ಹುಡುಗನ ಆಟೋ ರೊಕ್ಕರೆ ಉಳೀತದ.”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ಮಾತಿನಲ್ಲಿ ಕೆಟ್ಟತನ ಇರಲಿಲ್ಲ, ಅನುಭವ ಇತ್ತು.

ಆ್ಯಪ್ ಬೇಡವೆನ್ನುವವರು ಹಳೆಯ ದಾರಿಯನ್ನು ಒಮ್ಮೆ ನೆನೆಯಬೇಕು. ಓದಲು ಊರು ಬಿಟ್ಟು ಬಂದವನಿಗೆ ಆಗ ನೆರಳಾಗುತ್ತಿದ್ದವರು ನೆಂಟರು, ಮಠ, ಸಮುದಾಯದ ಹಾಸ್ಟೆಲ್, ಇಲ್ಲವೇ ವಾರಾನ್ನದ ಮನೆಗಳು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ, ಬೆಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥವು ಇಲ್ಲದಿದ್ದರೆ ನಾಡಿನ ಎಷ್ಟೋ ಹಳ್ಳಿ ಹುಡುಗರು ಎಸ್ಸೆಸ್ಸೆಲ್ಸಿಗೇ ನಿಲ್ಲುತ್ತಿದ್ದರು. ಆದರೆ ಇದರಲ್ಲಿ ಬಹುಪಾಲು ನಮ್ಮವರು ನಮ್ಮವರನ್ನು ಸಾಕಿದ್ದು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ, ಪೇಟೆಯಲ್ಲಿ ಒಂದು ನೆಂಟರ ಮನೆಯೂ ಇಲ್ಲದ ಹುಡುಗನಿಗೆ ಉಳಿಯುವುದು ಕಂಬವೇ. ಹುಡುಗಿಯಾದರೆ ಕಂಬದ ನಂಬರಿಗೆ ಫೋನ್ ಮಾಡಲೂ ಅಂಜಿಕೆ, ಎತ್ತುವವರು ಯಾರೋ ಏನೋ. ಕಾಲೇಜಿನ ಐಡಿ ಕಾರ್ಡ್ ನೋಡಿ ಒಳಬಿಡುವ ಆ್ಯಪ್ ಇವರಿಗೆ ನಿಜಕ್ಕೂ ಉಪಕಾರಿ. ಇನ್ನು ರೂಮುಗಳಲ್ಲಿ ಜಗಳ ಹುಟ್ಟುವುದು ಸ್ವಭಾವಕ್ಕಿಂತ ಹೆಚ್ಚಾಗಿ ದುಡ್ಡಿಗೆ. ಅಡ್ವಾನ್ಸ್ ಯಾರ ಹೆಸರಲ್ಲಿದೆ, ನಡುವೆ ಬಿಟ್ಟು ಹೋದವನಿಗೆ ಎಷ್ಟು ವಾಪಸ್, ಕರೆಂಟ್ ಬಿಲ್ ಹೇಗೆ ಹಂಚಿಕೆ? ಇಷ್ಟನ್ನು ಮೊದಲೇ ಬರೆಸಿಕೊಂಡರೂ ಆ್ಯಪ್ ಸಾರ್ಥಕ.

ಹೊಂದಾಣಿಕೆ ಲೆಕ್ಕ ಹಾಕಿ ‘92% ಮ್ಯಾಚ್’ ಎಂದು ತೋರಿಸುವ ಭಾಗದ ಬಗ್ಗೆ ಮಾತ್ರ ನನಗೆ ಅನುಮಾನ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು 1962ರಲ್ಲೇ ಒಂದು ತೊಡಕು ತೋರಿಸಿದ್ದಾರೆ. ನಾಲ್ವರು ಹುಡುಗರು, ಎರಡು ರೂಮು. ಒಂದನೆಯವನಿಗೆ ಎರಡನೆಯವನ ಜೊತೆ ಇರುವಾಸೆ, ಎರಡನೆಯವನಿಗೆ ಮೂರನೆಯವನ ಜೊತೆ, ಮೂರನೆಯವನಿಗೆ ಒಂದನೆಯವನ ಜೊತೆ. ನಾಲ್ಕನೆಯವನು ಮೂವರಿಗೂ ಕೊನೆಯ ಆಯ್ಕೆ. ಹೇಗೇ ಜೋಡಿಸಿ, ನಾಲ್ಕನೆಯವನ ಜೊತೆ ಬಿದ್ದವನು ಇನ್ನೊಂದು ರೂಮಿನ ಒಬ್ಬನನ್ನು ಕರೆಯುತ್ತಾನೆ, ಅವನೂ ಖುಷಿಯಿಂದ ಎದ್ದು ಬರುತ್ತಾನೆ. ಮುರಿಯದ ಜೋಡಿ ಇಲ್ಲವೇ ಇಲ್ಲ. ಎಲ್ಲ ಸಲವೂ ಹೀಗಾಗುವುದಿಲ್ಲ, ನಿಜ. ಸ್ಥಿರ ಜೋಡಿ ಇದ್ದರೆ ಅದನ್ನು ಹುಡುಕುವ ವಿಧಾನವನ್ನು ರಾಬರ್ಟ್ ಅರ್ವಿಂಗ್ 1985ರಲ್ಲಿ ಕೊಟ್ಟಿದ್ದಾರೆ. ನನಗೆ ಕಾಡುವುದು ಆ ನಾಲ್ಕನೆಯ ಹುಡುಗ. ಕಂಬದ ಚೀಟಿ ಅವನಿಗೆ ‘ನಿನ್ನನ್ನು ಯಾರೂ ಆರಿಸಲಿಲ್ಲ’ ಎಂದು ಹೇಳುವುದಿಲ್ಲ, ಆ್ಯಪ್ ಹೇಳುತ್ತದೆ.

ಆಯ್ಕೆಯೇ ಬೇಡ ಎಂದವರೂ ಇದ್ದಾರೆ. ಹೊಸ ವಿದ್ಯಾರ್ಥಿಗಳು ತಮ್ಮಂಥವರನ್ನೇ ಆರಿಸಿಕೊಂಡು ಬರುತ್ತಿದ್ದಾರೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2018ರಲ್ಲಿ ಮೊದಲ ವರ್ಷದವರ ರೂಮ್‌ಮೇಟ್ ಆಯ್ಕೆಯನ್ನೇ ನಿಲ್ಲಿಸಿ, ತಾನೇ ಜೋಡಿಸತೊಡಗಿತು. ಕೇಳಲು ಚೆಂದ. ಆದರೆ ಅಲ್ಲಿ ಜೋಡಿ ಹೊಂದದಿದ್ದರೆ ಹೋಗಿ ಹೇಳಿಕೊಳ್ಳಲು ಹಾಸ್ಟೆಲ್ಲಿನವರು ಇದ್ದಾರೆ. ಸಪ್ತಾಪುರದ ಹುಡುಗನಿಗೆ ಹೊಂದದಿದ್ದರೆ ಹೋಗುವುದು ಅಪ್ಪ ಸಾಲ ಮಾಡಿ ತಂದ ಅಡ್ವಾನ್ಸ್. ಅವನಿಗೆ ಒಂದಿಷ್ಟು ಆಯ್ಕೆ ಬೇಕೇ ಬೇಕು.

ಎಷ್ಟು ಆಯ್ಕೆ, ಯಾವುದರಲ್ಲಿ? ಅಮೆರಿಕದ ‘ರೂಮ್‌ಮೇಟ್ಸ್ ಡಾಟ್ ಕಾಮ್’ ಮೇಲಿನ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಎರಡು ಸಲ ಎರಡು ಮಾತು ಹೇಳಿತು. 2008ರಲ್ಲಿ: ಲಿಂಗ, ಲೈಂಗಿಕ ಒಲವು, ಮಕ್ಕಳಿದ್ದಾರೆಯೇ ಎಂಬುದನ್ನು ನೀವೇ ಕಡ್ಡಾಯವಾಗಿ ಕೇಳಿದ್ದೀರಿ, ಹಾಗಾಗಿ ಬರೆದದ್ದು ಬಳಕೆದಾರರು ಎಂದು ಕೈ ತೊಳೆದುಕೊಳ್ಳುವಂತಿಲ್ಲ. 2012ರಲ್ಲಿ: ಒಂದೇ ಸೂರಿನಡಿ ಯಾರ ಜೊತೆ ಬಾಳಬೇಕೆಂಬುದು ಖಾಸಗಿ ಆಯ್ಕೆ, ವಸತಿ ತಾರತಮ್ಯದ ಕಾಯ್ದೆ ಅಲ್ಲಿಗೆ ಚಾಚುವುದಿಲ್ಲ. ಕೊನೆಗೆ ಗೆದ್ದದ್ದು ಕಂಪನಿ. ಆದರೂ ನನ್ನ ಮನಸ್ಸಿನಲ್ಲಿ ನಿಂತದ್ದು ಮೊದಲ ಮಾತು. ಖಾಲಿ ಜಾಗ ಬಿಟ್ಟು ‘ನಿಮ್ಮ ಬಗ್ಗೆ ಬರೆಯಿರಿ’ ಅನ್ನುವುದು ಬೇರೆ, ಸಮುದಾಯದ ಕಾಲಂ ಕೊರೆದಿಟ್ಟು ತುಂಬಿಸುವುದು ಬೇರೆ.

ಇದರ ಜೊತೆಗೆ 2023ರ ನಮ್ಮ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. 18 ತುಂಬದವರ ವಿವರ ಪಡೆಯಲು ಅಪ್ಪ-ಅಮ್ಮನ ಒಪ್ಪಿಗೆ ಬೇಕೆನ್ನುತ್ತದೆ. ಪಿಯುಸಿಯವರೆಲ್ಲ ಹೆಚ್ಚುಕಡಿಮೆ ಆ ವಯಸ್ಸಿನವರೇ.

ನನಗೆ ತಲೆನೋವಾದದ್ದು ‘ವೆಜ್ಜಾ, ನಾನ್-ವೆಜ್ಜಾ?’ ಎಂಬ ಪ್ರಶ್ನೆ. ಒಂದೇ ಒಲೆ, ಎರಡು ಪಾತ್ರೆ ಇರುವ ರೂಮಿನಲ್ಲಿ ಅದು ನ್ಯಾಯವಾದ ಪ್ರಶ್ನೆ. ಮಾಂಸದ ವಾಸನೆ ಆಗದವನ ಕಷ್ಟವೂ ಕಷ್ಟವೇ. ಆದರೆ ಅದು ಹದಿನೇಳನೇ ಪ್ರಶ್ನೆಯ ಕಳ್ಳಬಾಗಿಲೂ ಹೌದು. ಕೂತು ತಿದ್ದಿದೆವು: ‘ರೂಮಿನಲ್ಲಿ ಅಡುಗೆ ಮಾಡುತ್ತೀರಾ, ಖಾನಾವಳಿಗೆ ಹೋಗುತ್ತೀರಾ? ರೂಮಿನ ಒಲೆಯ ಮೇಲೆ ಮೊಟ್ಟೆ, ಮಾಂಸ ಬೇಯಿಸಿದರೆ ನಡೆಯುತ್ತದೆಯೇ?’ ಪ್ರಶ್ನೆ ಮನುಷ್ಯನನ್ನು ಬಿಟ್ಟು ಒಲೆಗೆ ತಗುಲಿತು. ಖಾನಾವಳಿಯಲ್ಲಿ ಅವನೇನು ಉಣ್ಣುತ್ತಾನೋ, ಅದು ಅವನ ಪಾಡು. ಇಬ್ಬರೂ ಒಪ್ಪಿ ಫೋನ್ ನಂಬರು ಕೊಟ್ಟುಕೊಳ್ಳುವ ತನಕ ಅಡ್ಡಹೆಸರು ಕಾಣದಂತೆ ಮಾಡಿದರು. ನಮ್ಮ ಕಡೆ ಅಡ್ಡಹೆಸರೇ ಅರ್ಧ ಜಾತಕ.

ಹದಿನೇಳನೆಯದನ್ನು ತೆಗೆದೆವು. ಹುಡುಗ ಹೇಳಿದ ಆಟೋ ರೊಕ್ಕ ಇದರಿಂದ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿದೆ. ರೂಮ್‌ಮೇಟ್ ಒಪ್ಪಿದರೂ ಬಾಗಿಲಲ್ಲಿ ಮಾಲೀಕರು ‘ನೀವು ಯಾವ ಮಂದಿ?’ ಎಂದು ಕೇಳಿದರೆ ಆ್ಯಪ್ ಏನೂ ಮಾಡಲಾರದು. ಆದ್ದರಿಂದ ಓದುಗರಲ್ಲಿ ಮಾಳಿಗೆ ಮೇಲಿನ ರೂಮು ಬಾಡಿಗೆಗೆ ಕೊಡುವವರು ಇದ್ದರೆ ಒಂದು ಮಾತು: ಈ ಜೂನ್‌ನಲ್ಲಿ ಹಾಸಿಗೆ ಸುರುಳಿ ಹಿಡಿದ ಅಪ್ಪ-ಮಗ ನಿಮ್ಮ ಗೇಟಿಗೆ ಬಂದರೆ ಕಾಲೇಜು ಯಾವುದು, ಬಾಡಿಗೆ ಯಾವ ತಾರೀಕಿಗೆ ಕೊಡುತ್ತೀರಿ ಎಂದು ಕೇಳಿ, ಕೀಲಿ ಕೊಡಿ.