ತುಂಬಿದ ಮೆಮೊರಿಗೆ ಅಂಜಬೇಕೆ?

ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಬೆಳಿಗ್ಗೆ ಪತ್ರಿಕೆಯನ್ನು ಬಿಡಿಸಿದೊಡನೆ ಕಣ್ಣು ಹೋಗುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟದ ಕಡೆಗೆ. ೧೨೪.೮೦ ಅಡಿ ಎಂಬ ಅಂಕೆಯನ್ನು ಇಲ್ಲಿ ಶಾಲೆಯ ಮಕ್ಕಳೂ ಬಲ್ಲರು. ಕಟ್ಟೆಯು ಆ ಗೆರೆಯನ್ನು ಮುಟ್ಟಿತೆಂದರೆ ಬಾಗಿನವನ್ನು ಅರ್ಪಿಸುತ್ತೇವೆಯೇ ಹೊರತು, ‘ಅಯ್ಯೋ, ತುಂಬಿಹೋಯಿತಲ್ಲ’ ಎಂದು ಯಾರೂ ಗೋಳಾಡುವುದಿಲ್ಲ. ಅಂತಹ ನಾಡಿನವರೇ ತಮ್ಮ ಗಣಕಯಂತ್ರದ ಮೆಮೊರಿ ತುಂಬಿದೆಯೆಂಬ ಅಂಕೆಯನ್ನು ಪರದೆಯ ಮೇಲೆ ಕಂಡು ಎದೆಗುಂದುವುದೇಕೆಂಬುದು ನನಗೆ ಬಹು ದಿನದ ಸೋಜಿಗ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಅದರ ಮುಂದಿನ ಆವೃತ್ತಿಯಾದರೋ ಅನೇಕ ಹಳೆಯ ಯಂತ್ರಗಳನ್ನು ಹೊಸ್ತಿಲಾಚೆಗೇ ನಿಲ್ಲಿಸುತ್ತದೆ. ಓಡುತ್ತಿರುವ ಯಂತ್ರವನ್ನು ಎಸೆಯಲು ಮನಸ್ಸೊಪ್ಪದೆ ಅದಕ್ಕೆ ಲಿನಕ್ಸನ್ನು ಹಾಕಿಸಿಕೊಂಡವರು ನನ್ನ ಪರಿಚಯದಲ್ಲಿಯೇ ಹಲವರಿದ್ದಾರೆ. ಮೊದಲ ವಾರವೆಲ್ಲ ಹೊಗಳಿಕೆ. ಮೂರನೆಯ ವಾರಕ್ಕೆ ದೂರು. ಯಂತ್ರ ನಿಧಾನವಾಯಿತು, ಮೆಮೊರಿಯೆಲ್ಲ ತುಂಬಿದೆ, ಸ್ವಾಪ್ ಎಂಬುದೊಂದಿದೆಯಂತೆ, ಅದೂ ತುಂಬಿದೆ! ಒಡನೆಯೇ ಸಲಹೆಗಳ ಮಳೆ. ರ‍್ಯಾಮ್ ಕೊಳ್ಳಿರೆಂದು ಒಬ್ಬರು, ಸ್ವಾಪನ್ನು ಕಿತ್ತುಹಾಕಿರೆಂದು ಇನ್ನೊಬ್ಬರು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿರೆಂದು ಮತ್ತೊಬ್ಬರು. ನಾಡಿ ಹಿಡಿದು ನೋಡದೆಯೇ ಮದ್ದು ಕೊಡುವ ಈ ವೈದ್ಯವನ್ನು ನಾನು ಒಪ್ಪಲಾರೆ. ಮದ್ದು ಅಗ್ಗವಾಗಿದ್ದರೆ ಸುಮ್ಮನಿರಬಹುದಾಗಿತ್ತು. ಆದರೆ ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಾಗಾರಗಳು ಮೆಮೊರಿ ಚಿಪ್ಪುಗಳನ್ನು ತಮ್ಮತ್ತ ಸೆಳೆದುಕೊಂಡ ಕಾರಣ ೨೦೨೫ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿತು. ಮೈಕ್ರಾನ್ ಸಂಸ್ಥೆಯು ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಕೈಬಿಡುವುದಾಗಿ ಆ ಡಿಸೆಂಬರಿನಲ್ಲಿ ಸಾರಿತು. ಅಂದಮೇಲೆ, ಸುಮ್ಮನೆ ರ‍್ಯಾಮ್ ಕೊಳ್ಳಿರೆನ್ನುವುದು ಸಣ್ಣ ಅಂಗಡಿಕಾರನ ಮಟ್ಟಿಗೆ ಸಣ್ಣ ಮಾತಲ್ಲ.

ಮೊದಲು, ತುಂಬುವುದೆಂದರೇನು ಎಂಬುದನ್ನು ನೋಡೋಣ. ಲಿನಕ್ಸಿನ ತಿರುಳಾದ ಕರ್ನೆಲ್ ಎಂಬುದು ಮೆಮೊರಿಯನ್ನು ಪುಟಪುಟವಾಗಿ ಹಂಚುತ್ತದೆ. ನಮ್ಮ ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ಪುಟಕ್ಕೆ ೪೦೯೬ ಬೈಟುಗಳು. ಕಾರ್ಯಕ್ರಮಗಳು ಬೇಡಿದ ಪುಟಗಳನ್ನು ಕೊಟ್ಟಮೇಲೆ ಉಳಿದ ಜಾಗವನ್ನು ಅದು ಬರಿದಾಗಿ ಬಿಡುವುದಿಲ್ಲ. ಡಿಸ್ಕಿನಿಂದ ಒಮ್ಮೆ ಓದಿದ ಕಡತಗಳ ಪ್ರತಿಯನ್ನು ಅಲ್ಲಿ ಇಟ್ಟುಕೊಂಡಿರುತ್ತದೆ. ಅದೇ ಕಡತ ಮತ್ತೆ ಬೇಕಾದರೆ ಡಿಸ್ಕಿಗೆ ಹೋಗುವ ಪ್ರಯಾಸವಿಲ್ಲ. ಬೇರೆಯವರಿಗೆ ಜಾಗ ಬೇಕಾದರೆ ಆ ಪ್ರತಿಯನ್ನು ಕ್ಷಣಮಾತ್ರದಲ್ಲಿ ಬಿಟ್ಟುಕೊಡುತ್ತದೆ. ಹೀಗೆ ತುಂಬಿರುವ ಮೆಮೊರಿ ದುಡಿಯುತ್ತಿರುವ ಮೆಮೊರಿ. ‘ಫ್ರೀ’ ಎಂಬ ಆಜ್ಞೆಯನ್ನು ಕೊಟ್ಟರೆ ಬರುವ ಸಾಲಿನಲ್ಲಿ ‘ಫ್ರೀ’ ಎಂಬ ಅಂಕಣವು ಸಣ್ಣದಾಗಿದ್ದರೆ ಅಳುಕಬೇಕಾಗಿಲ್ಲ. ನೋಡತಕ್ಕದ್ದು ಕೊನೆಯ ‘ಅವೈಲಬಲ್’ ಎಂಬ ಅಂಕಣವನ್ನು. ಬೇಕೆಂದಾಗ ಎಷ್ಟು ಸಿಕ್ಕೀತು ಎಂಬ ಈ ಅಂದಾಜನ್ನು ಕರ್ನೆಲ್ ತಾನೇ ಲೆಕ್ಕಹಾಕಿ ಹೇಳತೊಡಗಿದ್ದು ೨೦೧೪ರಿಂದ. ಕಟ್ಟೆಯಲ್ಲಿರುವ ನೀರೆಲ್ಲ ನಾಲೆಗೆ ಬಾರದು, ತಳದ ನೀರು ತಳದಲ್ಲಿಯೇ ಉಳಿಯುವುದು ಎಂಬುದನ್ನು ಬಲ್ಲ ನಮ್ಮ ರೈತರಿಗೆ ಈ ಎರಡು ಅಂಕೆಗಳ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಸ್ವಾಪ್. ಕಾರ್ಯಕ್ರಮಗಳು ಬೇಡಿ ಪಡೆದು, ಬಳಿಕ ಬಹು ಹೊತ್ತು ಮುಟ್ಟದೆ ಬಿಟ್ಟ ಪುಟಗಳನ್ನು ಡಿಸ್ಕಿನ ಒಂದು ಮೂಲೆಗೆ ಸಾಗಿಸಿ ರ‍್ಯಾಮಿನಲ್ಲಿ ಜಾಗ ಮಾಡಿಕೊಳ್ಳುವುದೇ ಅದರ ಕೆಲಸ. ಹಬ್ಬ ಮುಗಿದ ಮೇಲೆ ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಏರಿಸಿದಂತೆ. ಅಟ್ಟದಲ್ಲಿ ಪಾತ್ರೆಗಳಿವೆಯೆಂದು ಗೃಹಿಣಿ ಚಿಂತಿಸುವುದಿಲ್ಲ. ಅಡುಗೆಯ ನಡುವೆ ಒಗ್ಗರಣೆಯ ಸೌಟಿಗಾಗಿ ಕ್ಷಣಕ್ಷಣಕ್ಕೂ ಏಣಿ ಹತ್ತಿ ಇಳಿಯಬೇಕಾಗಿ ಬಂದರೆ ಮಾತ್ರ ಆ ದಿನ ಊಟವಿಲ್ಲ.

ಇಲ್ಲಿಯೇ ರೋಗದ ಮೂಲವಿರುವುದು. ಇದನ್ನು ನಮ್ಮ ವಿಶ್ವೇಶ್ವರಯ್ಯ ನಾಲೆಯೇ ಚೆನ್ನಾಗಿ ತೋರಿಸಿಕೊಡುತ್ತದೆ. ನೀರು ಸಾಲದ ವರ್ಷಗಳಲ್ಲಿ ಕಟ್ಟು ಪದ್ಧತಿಯಂತೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದನ್ನು ಎಲ್ಲರೂ ಕಂಡಿದ್ದಾರೆ. ಮದ್ದೂರು ಮಳವಳ್ಳಿಗಳ ಕೊನೆಭಾಗದ ರೈತರು ತಮ್ಮ ಪಾಲಿನ ನೀರು ಬರಲಿಲ್ಲವೆಂದು ಕೂಗುವುದನ್ನೂ ಕೇಳಿದ್ದಾರೆ. ಒಬ್ಬ ಅತಿ ನ್ಯಾಯವಂತ ಅಧಿಕಾರಿ ಬಂದು, ಯಾರಿಗೂ ಕಾಯಿಸಬಾರದೆಂದು ಮಂಡ್ಯದ ಕಡೆಗೆ ಒಂದು ಗಂಟೆ, ಮದ್ದೂರಿಗೆ ಒಂದು ಗಂಟೆ, ಮಳವಳ್ಳಿಗೆ ಒಂದು ಗಂಟೆ ಎಂದು ತೂಬುಗಳನ್ನು ತೆಗೆದು ಮುಚ್ಚುತ್ತಿದ್ದಾನೆಂದು ಊಹಿಸಿಕೊಳ್ಳಿ. ಒಣಗಿದ ನಾಲೆಯ ಮೈ ನೆನೆಯುವುದಕ್ಕೇ ಆ ಒಂದು ಗಂಟೆಯ ನೀರು ಸರಿಹೋಗುತ್ತದೆ. ನೀರು ಗದ್ದೆಯ ಬದುವನ್ನು ಮುಟ್ಟುವುದರೊಳಗೆ ಸರದಿ ಮುಗಿದಿರುತ್ತದೆ. ತೂಬುಗಳು ಹಗಲಿರುಳೂ ದುಡಿದವು, ಕಟ್ಟೆಯ ನೀರು ಖರ್ಚಾಯಿತು, ಒಂದು ಪೈರೂ ನೆನೆಯಲಿಲ್ಲ.

ಗಣಕಯಂತ್ರದಲ್ಲಿ ಆಗುವುದೂ ಇದೇ. ಮೂರು ಕಾರ್ಯಕ್ರಮಗಳಿಗೆ ಆ ಹೊತ್ತಿಗೆ ನಿಜವಾಗಿ ಬೇಕಾದ ಪುಟಗಳೆಲ್ಲ ಒಟ್ಟಿಗೆ ರ‍್ಯಾಮಿನಲ್ಲಿ ಹಿಡಿಸದಿದ್ದರೆ, ಒಂದರ ಪುಟವನ್ನು ತರಲು ಇನ್ನೊಂದರ ಪುಟವನ್ನು ಹೊರಹಾಕಬೇಕು. ಮರುಕ್ಷಣವೇ ಆ ಹೊರಹಾಕಿದ್ದು ಬೇಕು. ರ‍್ಯಾಮಿನಿಂದ ಒಂದು ಮಾತನ್ನು ತರಲು ಸುಮಾರು ನೂರು ನ್ಯಾನೋಸೆಕೆಂಡು ಸಾಕಾದರೆ, ತಿರುಗುವ ಡಿಸ್ಕಿನ ಮುಳ್ಳು ತನ್ನ ಸ್ಥಳವನ್ನು ಹುಡುಕಿ ನಿಲ್ಲಲು ಹತ್ತು ಮಿಲಿಸೆಕೆಂಡಿನವರೆಗೂ ಬೇಕು: ಒಂದು ಲಕ್ಷ ಪಟ್ಟು. ಮೌಸಿನ ಬಾಣವೂ ಅಲುಗದೆ ನಿಲ್ಲುವುದು ಇದರಿಂದಲೇ. ಇದು ನಮ್ಮ ಕಾಲದ ಸಂಕಟವೇನೂ ಅಲ್ಲ. ೧೯೬೨ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕೆ ತೊಡಗಿದ ಅಟ್ಲಾಸ್ ಯಂತ್ರವು ಕೇವಲ ಹದಿನಾರು ಸಾವಿರ ಪದಗಳ ಮುಖ್ಯ ಸ್ಮೃತಿಯನ್ನೂ ತಿರುಗುವ ಉರುಳೆಯನ್ನೂ ಒಂದೇ ಎಂಬಂತೆ ತೋರಿಸಿ ಪುಟ ಬದಲಿಸುವ ವಿದ್ಯೆಯನ್ನು ಆರಂಭಿಸಿತು. ಆ ವಿದ್ಯೆ ಹರಡಿದಂತೆ ಅದರ ಕೇಡೂ ಹರಡಿತು. ಪೀಟರ್ ಡೆನ್ನಿಂಗ್ ಎಂಬವರು ೧೯೬೮ರಲ್ಲಿ ಇದನ್ನು ವಿವರಿಸಿ, ಯಾವ ಕಾರ್ಯಕ್ರಮಕ್ಕೇ ಆಗಲಿ ಆ ಹೊತ್ತಿನಲ್ಲಿ ತೊಡಗಿರುವ ಪುಟಗಳ ಒಂದು ಗುಂಪಿರುತ್ತದೆ, ಅಂತಹ ಗುಂಪುಗಳು ಮೆಮೊರಿಯಲ್ಲಿ ಹಿಡಿಸುವಷ್ಟು ಕಾರ್ಯಕ್ರಮಗಳನ್ನು ಮಾತ್ರ ಓಡಿಸಬೇಕು, ಉಳಿದವನ್ನು ಕಾಯಿಸಬೇಕು ಎಂದು ತೋರಿಸಿದರು. ಕಟ್ಟು ಪದ್ಧತಿಯ ನ್ಯಾಯವೂ ಇದೇ ಅಲ್ಲವೆ?

ಆದುದರಿಂದ ಎಷ್ಟು ತುಂಬಿದೆ ಎಂದು ಕೇಳುವ ಬದಲು ಎಷ್ಟು ಹರಿಯುತ್ತಿದೆ ಎಂದು ಕೇಳಬೇಕು. ಕಳೆದ ವರ್ಷ ಮದ್ದೂರಿನಲ್ಲಿ ನಡೆದ ಒಂದು ಸಂಗತಿಯಿಂದ ಇದು ನನಗೆ ಮನದಟ್ಟಾಯಿತು. ಅಲ್ಲಿ ಅರ್ಜಿ ತುಂಬಿ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಕೊಡುವ ಅಂಗಡಿಯವರೊಬ್ಬರು ನನ್ನ ಹಳೆಯ ವಿದ್ಯಾರ್ಥಿ. ನಾಲ್ಕು ಜಿ.ಬಿ. ರ‍್ಯಾಮಿನ ಯಂತ್ರ, ಅದರಲ್ಲಿ ಡೆಬಿಯನ್ ೧೩, ಎರಡು ಜಿ.ಬಿ. ಸ್ವಾಪ್. “ಮೇಷ್ಟ್ರೇ, ಸ್ವಾಪು ತುಂಬ್ಕಂಬುಟ್ಟದೆ, ಇನ್ನು ಈ ಡಬ್ಬ ಮಾರ್ಬುಡದೇ ವಾಸಿ” ಎಂದರು. ಬೆಳಿಗ್ಗೆ ಹೋಗಿ ‘ವಿಎಂಸ್ಟ್ಯಾಟ್ ೫’ ಎಂಬ ಆಜ್ಞೆಯನ್ನು ಕೊಟ್ಟು ಕುಳಿತೆ. ಇದು ಐದೈದು ಸೆಕೆಂಡಿಗೊಮ್ಮೆ ಒಂದು ಸಾಲನ್ನು ಬರೆಯುತ್ತದೆ. ಮೊದಲ ಸಾಲು ಯಂತ್ರ ಹೊತ್ತಿಕೊಂಡಂದಿನಿಂದ ಆದುದರ ಸರಾಸರಿಯಾದ್ದರಿಂದ ಅದನ್ನು ಬಿಟ್ಟುಬಿಡಬೇಕು. ‘ಎಸ್‌ಐ’ ಎಂಬುದು ಸ್ವಾಪಿನಿಂದ ಒಳಬರುವುದು, ‘ಎಸ್‌ಓ’ ಎಂಬುದು ಸ್ವಾಪಿಗೆ ಹೋಗುವುದು. ಸ್ವಾಪ್ ಬಾಯಿಯವರೆಗೂ ತುಂಬಿತ್ತು; ಎರಡು ಅಂಕಣಗಳಲ್ಲಿಯೂ ಸೊನ್ನೆ! ಯಂತ್ರವೂ ಚುರುಕಾಗಿಯೇ ಇತ್ತು. ತುಂಬಿದುದೇ ರೋಗವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಧ್ಯಾಹ್ನ ವಿದ್ಯಾರ್ಥಿವೇತನದ ಅರ್ಜಿಯವರು ಸಾಲುಗಟ್ಟಿದರು. ಬ್ರೌಸರಿನಲ್ಲಿ ಒಂದರ ಪಕ್ಕದಲ್ಲೊಂದು ಪುಟ ತೆರೆಯುತ್ತ ಹೋಯಿತು. ಆಗ ‘ಎಸ್‌ಐ’ ಏರಿತು, ಡಿಸ್ಕಿನಿಂದ ಓದುವುದನ್ನು ಹೇಳುವ ‘ಬಿಐ’ ಅಂಕಣವು ಅದಕ್ಕಿಂತಲೂ ಏರಿತು, ಯಂತ್ರ ತೆವಳತೊಡಗಿತು.

ಸರಿ, ಆ ಎರಡು ಜಿ.ಬಿ. ಸ್ವಾಪನ್ನು ತುಂಬಿದವರಾರು? ಪ್ರತಿಯೊಂದು ಕಾರ್ಯಕ್ರಮವೂ ಎಷ್ಟು ಸ್ವಾಪನ್ನು ಹಿಡಿದಿದೆಯೆಂಬುದು ಕರ್ನೆಲ್ ಇಡುವ ಲೆಕ್ಕದಲ್ಲಿರುತ್ತದೆ. ಅವನ್ನೆಲ್ಲ ಕೂಡಿದರೆ ಅರ್ಧ ಜಿ.ಬಿ.ಯೂ ಆಗಲಿಲ್ಲ. ಉಳಿದುದು ಯಾರ ಖಾತೆಯಲ್ಲಿಯೂ ಇಲ್ಲ! ಈ ಗಂಟನ್ನು ಬಿಡಿಸಲು ಅರ್ಧ ದಿನ ಹಿಡಿಯಿತು. ಡೆಬಿಯನ್ ೧೩ನೆಯ ಆವೃತ್ತಿಯಲ್ಲಿ, ಎಂದರೆ ೨೦೨೫ರ ಆಗಸ್ಟಿನಿಂದ, ತಾತ್ಕಾಲಿಕ ಕಡತಗಳ ‘ಟೆಂಪ್’ ಎಂಬ ಕೋಶವು ಡಿಸ್ಕಿನಲ್ಲಿರದೆ ಮೆಮೊರಿಯಲ್ಲಿಯೇ ಇರುವಂತೆ ಮಾಡಿದ್ದಾರೆ. ರ‍್ಯಾಮಿನ ಅರ್ಧದವರೆಗೆ ಅದು ಬೆಳೆಯಬಹುದು. ಅಂಗಡಿಯ ಸ್ಕ್ಯಾನುಗಳೆಲ್ಲ ಬಂದು ಬೀಳುತ್ತಿದ್ದುದು ಅಲ್ಲಿಗೆ. ಹತ್ತು ದಿನ ಹಳೆಯದಾದವನ್ನು ವ್ಯವಸ್ಥೆಯೇ ಗುಡಿಸುತ್ತದೆಯಾದರೂ, ಯಂತ್ರವನ್ನು ಆರಿಸದೆ ರಾತ್ರಿ ನಿದ್ರೆಗೆ ಮಾತ್ರ ಬಿಡುತ್ತಿದ್ದುದರಿಂದ ಹತ್ತು ದಿನದ ಪಹಣಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಚಿತ್ರಗಳು ಅಲ್ಲಿ ರಾಶಿಯಾಗಿದ್ದವು. ಕರ್ನೆಲ್ ಅವನ್ನು ಸ್ವಾಪಿಗೆ ತಳ್ಳಿತು; ಸ್ವಾಪ್ ತುಂಬಿತು; ಮಧ್ಯಾಹ್ನ ಬ್ರೌಸರಿನ ತಣ್ಣನೆಯ ಪುಟಗಳನ್ನು ಇಡಲು ಅಟ್ಟದಲ್ಲಿ ಜಾಗವಿರಲಿಲ್ಲ. ಸ್ಕ್ಯಾನುಗಳು ಮನೆಯ ಕೋಶಕ್ಕೆ ಬೀಳುವಂತೆ ಬದಲಿಸಿದೆವು, ಕೆಲಸ ಮುಗಿದ ಅರ್ಜಿಯ ಪುಟವನ್ನು ಮುಚ್ಚುವ ಅಭ್ಯಾಸ ಮಾಡಿಸಿದೆವು. ಖರ್ಚು ಎರಡು ಲೋಟ ಕಾಫಿ, ಮದ್ದೂರಾದ್ದರಿಂದ ಜೊತೆಗೆ ವಡೆ.

ಸ್ವಾಪನ್ನೇ ತೆಗೆದುಹಾಕಿ ಎನ್ನುವವರಿಗೆ ಒಂದು ಮಾತು. ಸ್ವಾಪಿಲ್ಲದಿದ್ದರೂ ಎಳೆದಾಟ ತಪ್ಪುವುದಿಲ್ಲ. ಮುಟ್ಟದ ಪುಟಗಳನ್ನು ಕಳಿಸಲು ಬೇರೆಡೆ ಇಲ್ಲದಾಗ, ಓಡುತ್ತಿರುವ ಕಾರ್ಯಕ್ರಮಗಳ ಸೂಚನೆಗಳಿರುವ ಪುಟಗಳನ್ನೇ ಕರ್ನೆಲ್ ಬಿಸಾಡುತ್ತದೆ, ಏಕೆಂದರೆ ಅವುಗಳ ಮೂಲಪ್ರತಿ ಡಿಸ್ಕಿನಲ್ಲಿದೆ. ಮರುಕ್ಷಣ ಅವನ್ನು ಮತ್ತೆ ಓದಬೇಕು. ಸ್ವಾಪಿನ ಅಂಕೆ ಸೊನ್ನೆ, ಯಂತ್ರವೋ ಕಲ್ಲು! ‘ಸ್ವಾಪಿನೆಸ್’ ಎಂಬ ಅಂಕೆಯನ್ನು ೬೦ರಿಂದ ೧೦ಕ್ಕೆ ಇಳಿಸಿದರೆ ಸಕಲ ರೋಗವೂ ವಾಸಿಯೆಂಬ ನಂಬಿಕೆಯೂ ಇಂತಹುದೇ. ಇದನ್ನು ಅನೇಕರು ಶೇಕಡವೆಂದು ತಿಳಿದಿದ್ದಾರೆ. ಕಡತದ ಪ್ರತಿಗಳನ್ನು ಬಿಡುವುದು ಹೆಚ್ಚು ದುಬಾರಿಯೋ ಕಾರ್ಯಕ್ರಮದ ಪುಟಗಳನ್ನು ಸ್ವಾಪಿಗೆ ಕಳಿಸುವುದು ಹೆಚ್ಚು ದುಬಾರಿಯೋ ಎಂಬ ತೂಕವಷ್ಟೇ ಅದು. ೨೦೨೦ರಿಂದೀಚೆಗೆ ಅದನ್ನು ೨೦೦ರವರೆಗೂ ಏರಿಸಬಹುದು. ಏರಿಸುವ ಸಂದರ್ಭವೂ ಉಂಟು. ‘ಜೆಡ್‌ರ‍್ಯಾಮ್’ ಎಂಬ ಏರ್ಪಾಟಿನಲ್ಲಿ ಮುಟ್ಟದ ಪುಟಗಳನ್ನು ಡಿಸ್ಕಿಗೆ ಕಳಿಸದೆ ರ‍್ಯಾಮಿನಲ್ಲಿಯೇ ಒತ್ತಿ ಮಡಿಸಿ ಇಡುತ್ತಾರೆ. ಫೆಡೋರಾದವರು ೨೦೨೦ರಲ್ಲಿಯೇ ಇದನ್ನು ರೂಢಿಗೆ ತಂದರು. ನಾಲ್ಕು ಜಿ.ಬಿ. ಯಂತ್ರವುಳ್ಳವರು ರ‍್ಯಾಮಿಗೆ ಹಣ ಸುರಿಯುವ ಮೊದಲು ಇದನ್ನೊಮ್ಮೆ ಪ್ರಯೋಗಿಸಿ ನೋಡಬೇಕೆಂಬುದು ನನ್ನ ಮತ.

ಇಷ್ಟು ಹೇಳಿದಮೇಲೆ ನನ್ನ ನಿಜವಾದ ಸಿಟ್ಟು ಯಾರ ಮೇಲೆಂಬುದನ್ನೂ ಹೇಳಿಬಿಡುತ್ತೇನೆ. ಅಟ್ಲಾಸ್ ಯಂತ್ರದ ಮುಖ್ಯ ಸ್ಮೃತಿಯೆಲ್ಲ ಸೇರಿದರೂ ಇಂದಿನ ಒಂದು ಛಾಯಾಚಿತ್ರದಷ್ಟಾಗದು. ಇಂದು ಹೆಸರು, ತಂದೆಯ ಹೆಸರು, ಊರು ಇಷ್ಟನ್ನು ಬರೆದುಕೊಳ್ಳುವ ಅರ್ಜಿಯ ಒಂದು ಜಾಲಪುಟವು ನೂರಾರು ಮೆಗಾಬೈಟುಗಳನ್ನು ಬೇಡುತ್ತದೆ. ಅದನ್ನು ರಚಿಸಿದವರ ಮೇಜಿನ ಮೇಲೆ ಮೂವತ್ತೆರಡು ಜಿ.ಬಿ. ಯಂತ್ರವಿರುವಾಗ ಅವರಿಗೆ ಇದು ತಿಳಿಯುವುದೆಂತು? ಸಾರ್ವಜನಿಕರಿಗಾಗಿ ಪುಟ ರಚಿಸುವವರು ಅದನ್ನು ಹೊರಬಿಡುವ ಮೊದಲು ಕೊನೆಭಾಗದ ಯಾವುದಾದರೂ ಊರಿಗೆ ಬಂದು, ಅಲ್ಲಿಯ ನಾಲ್ಕು ಜಿ.ಬಿ. ಯಂತ್ರದಲ್ಲಿ, ಇತರ ನಾಲ್ಕು ಪುಟಗಳೊಡನೆ ತೆರೆದು ತೋರಿಸಬೇಕೆಂದು ನಿಯಮವಿರುವುದು ಯುಕ್ತ. ನೀರು ಹರಿಯಿತೇ ಎಂಬುದನ್ನು ತೂಬಿನ ಬಳಿ ನಿಂತು ನೋಡಿದರೆ ಸಾಲದು.

ಹಾಗೆಂದು ಮೆಮೊರಿಯ ಕೊರತೆಯೇ ಎಲ್ಲಿಯೂ ಇಲ್ಲವೆಂದು ನಾನು ಸಾಧಿಸುವುದಿಲ್ಲ. ಮಳವಳ್ಳಿಯ ಕಡೆಯ ಒಂದು ಶಾಲೆಯಲ್ಲಿ ಎಂಟು ಹಳೆಯ ಯಂತ್ರಗಳನ್ನು ವಿಲೇವಾರಿಗೆಂದು ಗೋಡೆಗೆ ಸೇರಿಸಿಟ್ಟಿದ್ದರು. ಎಲ್ಲವೂ ಒಂದೇ ಮಾದರಿಯವು, ಒಂದೊಂದರಲ್ಲಿ ಎರಡು ಜಿ.ಬಿ. ರ‍್ಯಾಮ್. ಅದೇ ಆಜ್ಞೆಯನ್ನು ಕೊಟ್ಟು ನೋಡಿದಾಗ, ಬ್ರೌಸರಿನಲ್ಲಿ ಒಂದೇ ಪುಟ ತೆರೆದಿದ್ದರೂ ‘ಎಸ್‌ಐ’ ‘ಎಸ್‌ಓ’ ಎರಡೂ ಅಂಕಣಗಳು ಒಮ್ಮೆಯೂ ಸೊನ್ನೆಗೆ ಇಳಿಯಲಿಲ್ಲ. ಇಲ್ಲಿ ಯಾವ ಯುಕ್ತಿಯೂ ಸಾಗದು, ರ‍್ಯಾಮೇ ಬೇಕು. ಶಾಲೆಯಲ್ಲಿ ಅದಕ್ಕೆ ಹಣವಿರಲಿಲ್ಲ. ಪ್ರತಿ ಯಂತ್ರದಲ್ಲಿಯೂ ರ‍್ಯಾಮಿಗೆ ಎರಡು ತೊಟ್ಟಿಲುಗಳಿದ್ದು ಒಂದು ಬರಿದಾಗಿರುವುದನ್ನು ಕಂಡ ವಿಜ್ಞಾನದ ಮೇಷ್ಟರು, ನಾಲ್ಕು ಯಂತ್ರಗಳ ರ‍್ಯಾಮನ್ನು ಬಿಚ್ಚಿ ಉಳಿದ ನಾಲ್ಕಕ್ಕೆ ತೊಡಿಸಿದರು. ಆ ನಾಲ್ಕು ಈಗ ನಡೆಯುತ್ತಿವೆ. ಒಂದೊಂದರ ಮುಂದೆ ಇಬ್ಬಿಬ್ಬರು ಮಕ್ಕಳು ಸರದಿಯ ಮೇಲೆ ಕುಳಿತುಕೊಳ್ಳುತ್ತಾರೆ. ಬಿಚ್ಚಿದ ನಾಲ್ಕು ಪೆಟ್ಟಿಗೆಗಳನ್ನು, ಒಳಗೆ ಏನೇನಿದೆಯೆಂದು ತೋರಿಸುವುದಕ್ಕಾಗಿ, ಮುಚ್ಚಳ ತೆಗೆದು ಕಿಟಕಿಯ ಬಳಿ ಇಟ್ಟಿದ್ದಾರೆ.