ಭಾಷಾವಿಜ್ಞಾನಕ್ಕೆ ದಾರಿ ನಮ್ಮ ತರಗತಿಯಿಂದಲೇ

ಎ.ಕೆ. ರಾಮಾನುಜನ್ ಎಂದರೆ ಕನ್ನಡ ಬೋಧನಾ ವಿಷಯದ ಪ್ರಶಿಕ್ಷಣಾರ್ಥಿಗಳಿಗೆ ‘ಹೊಕ್ಕುಳಲ್ಲಿ ಹೂವಿಲ್ಲ’ ನೆನಪಾಗುತ್ತದೆ. ಇಂಗ್ಲಿಷ್ ಬೋಧನಾ ವಿಷಯದವರಿಗೆ ವಚನಗಳ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ನೆನಪಾಗುತ್ತದೆ. ಅವರು ಪಿಎಚ್.ಡಿ. ಪಡೆದದ್ದು ಕಾವ್ಯದ ಮೇಲಲ್ಲ, ಕನ್ನಡ ವ್ಯಾಕರಣದ ಮೇಲೆ ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೂ ಮೊದಲು ಅವರು ಸುಮಾರು ಎಂಟು ವರ್ಷ ನಮ್ಮಂತೆಯೇ ತರಗತಿಯಲ್ಲಿ ನಿಂತು ಪಾಠ ಹೇಳಿದ ಮೇಷ್ಟ್ರು ಎಂಬುದಂತೂ ಇನ್ನೂ ಕಡಿಮೆ. ಶಿಕ್ಷಕರ ಶಿಕ್ಷಣದಲ್ಲಿರುವ ನಮಗೆ ಅವರ ಬದುಕಿನ ಈ ಭಾಗವೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ರಾಮಾನುಜನ್ ಹುಟ್ಟಿದ್ದು 1929ರಲ್ಲಿ, ಇದೇ ಮೈಸೂರಿನಲ್ಲಿ. ಮರಿಮಲ್ಲಪ್ಪ ಹೈಸ್ಕೂಲಿನಲ್ಲಿ ಓದಿ, ಮಹಾರಾಜ ಕಾಲೇಜು ಸೇರಿದರು. ನಮ್ಮ ಚಾಮರಾಜಪುರಂ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಆ ಕಾಲೇಜಿನ ಮೈದಾನ ಕೂಗಳತೆಯ ದೂರ. ಮನೆಯ ಮಾತು ತಮಿಳು, ಬೀದಿಯ ಮಾತು ಕನ್ನಡ, ಓದಿದ್ದು ಇಂಗ್ಲಿಷ್. ಮೈಸೂರು ವಿಶ್ವವಿದ್ಯಾಲಯದ ಎಂ.ಎ. ಮುಗಿಸಿ 1950ರಿಂದ ಕೊಲ್ಲಂ, ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿಗೆ ಭಾಷಾವಿಜ್ಞಾನ ಕಲಿಯಲು ಹೋದರು. ಮರುವರ್ಷ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿ, 1963ರಲ್ಲಿ ಕನ್ನಡದ ಉತ್ಪಾದಕ ವ್ಯಾಕರಣದ ಮೇಲೆ ಬರೆದ ಪ್ರಬಂಧಕ್ಕೆ ಪಿಎಚ್.ಡಿ. ಪಡೆದರು. ಮೂವತ್ತರ ಆಸುಪಾಸಿನಲ್ಲಿ, ನೆಲೆನಿಂತ ಉದ್ಯೋಗ ಬಿಟ್ಟು ಮತ್ತೆ ವಿದ್ಯಾರ್ಥಿಯ ಬೆಂಚಿನಲ್ಲಿ ಕೂತ ಒಬ್ಬ ಮೇಷ್ಟ್ರ ಕತೆ ಇದು.

ಆ ಪ್ರಬಂಧ ಬಂದ ಹೊತ್ತನ್ನು ಗಮನಿಸಬೇಕು. ನೋಮ್ ಚಾಮ್‌ಸ್ಕಿ ಅವರ ಮೊದಲ ಪುಸ್ತಕ ಪ್ರಕಟವಾದದ್ದು 1957ರಲ್ಲಿ. ಲೆಕ್ಕಕ್ಕೆ ಸಿಗುವಷ್ಟೇ ನಿಯಮಗಳಿಂದ ಲೆಕ್ಕವಿಲ್ಲದಷ್ಟು ವಾಕ್ಯಗಳು ಹೇಗೆ ಹುಟ್ಟುತ್ತವೆ ಎಂಬುದು ಆ ವ್ಯಾಕರಣದ ಪ್ರಶ್ನೆ. ‘ನಾಯಿ ಸೈಕಲ್ ತುಳಿಯಿತು’ ಎಂಬ ವಾಕ್ಯವನ್ನು ಒಂದನೇ ತರಗತಿಯ ಮಗು ಹಿಂದೆಂದೂ ಕೇಳಿರಲಿಕ್ಕಿಲ್ಲ. ಆದರೂ ಕೇಳಿದ ಕೂಡಲೇ ನಗುತ್ತದೆ. ನಗಬೇಕಾದರೆ ಅರ್ಥವಾಗಿರಬೇಕು, ಅರ್ಥವಾಗಬೇಕಾದರೆ ನಿಯಮ ಆಗಲೇ ಅದರ ತಲೆಯೊಳಗೆ ಇರಬೇಕು. ಹೊಸದಾಗಿ ಎದ್ದ ಈ ಪ್ರಶ್ನೆಯನ್ನು ಆರೇ ವರ್ಷದಲ್ಲಿ ಕನ್ನಡಕ್ಕೆ ಹಾಕಿ ನೋಡಿದವರು ನಮ್ಮೂರಿನವರು.

ಇದನ್ನು ಊರ ಹೆಮ್ಮೆಗಾಗಿ ಹೇಳುತ್ತಿಲ್ಲ. ಇಂದು ನಮ್ಮ ಕಾಲೇಜುಗಳಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ‘ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಬೇಕೆಂದಿದ್ದೇನೆ ಮೇಡಂ’ ಎಂದರೆ ನಾವು ಕೊಡುವ ಉತ್ತರ ಬಹುತೇಕ ಒಂದೇ: ‘ಮೊದಲು ಟಿಇಟಿ ಪಾಸು ಮಾಡಿಕೊಳ್ಳಮ್ಮ.’ ಸಲಹೆಯಲ್ಲಿ ತಪ್ಪಿಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಮಾತು ಅಲ್ಲಿಗೇ ನಿಂತರೆ, ಬೋಧನೆ ಬೇರೆ, ಸಂಶೋಧನೆ ಬೇರೆ, ನಿನ್ನದು ಮೊದಲನೆಯದು ಮಾತ್ರ ಎಂದು ನಾವು ಹೇಳಿದ ಹಾಗಾಗುತ್ತದೆ. ಅದು ನಿಜವಲ್ಲ. ಭಾಷೆಯ ಸಂಶೋಧನೆಗೆ ಬೇಕಾದ ಮೊದಲ ಕಚ್ಚಾ ಸಾಮಗ್ರಿ ಅಭ್ಯಾಸ ಬೋಧನೆಯ ತರಗತಿಯಲ್ಲಿ ದಿನವೂ ಬಿದ್ದಿರುತ್ತದೆ. ನಾವು ಅದನ್ನು ‘ತಪ್ಪು’ ಎಂದು ಕೆಂಪು ಶಾಯಿಯಲ್ಲಿ ಸುತ್ತಿ ಮುಂದೆ ಹೋಗುತ್ತೇವೆ.

ಕೆಲವು ಉದಾಹರಣೆಗಳನ್ನು ನೋಡೋಣ. ಉರ್ದು ಮನೆಮಾತಿನ ಮಗು ‘ಬಸ್ಸು ಬಂದಳು’ ಎಂದಾಗ ತರಗತಿ ನಗುತ್ತದೆ. ಉರ್ದುವಿನಲ್ಲಿ ನಪುಂಸಕಲಿಂಗವಿಲ್ಲ, ಬಸ್ಸೂ ಪುಸ್ತಕವೂ ಅಲ್ಲಿ ಸ್ತ್ರೀಲಿಂಗ. ಅಂದರೆ ಮಗು ಲಿಂಗದ ನಿಯಮವನ್ನು ಮರೆತಿಲ್ಲ, ಬಲ್ಲ ನಿಯಮವನ್ನು ಅಚ್ಚುಕಟ್ಟಾಗಿ ಬಳಸಿದೆ. ನಿಯಮ ಮಾತ್ರ ಬೇರೆ ಭಾಷೆಯದು. ಇನ್ನೊಂದು ಮಗು ‘ಹಾಲು’ ಬದಲು ‘ಆಲು’ ಎಂದು ಬರೆದು, ಎರಡು ಸಾಲಿನ ಕೆಳಗೆ ‘ಆದರೆ’ ಬದಲು ‘ಹಾದರೆ’ ಎಂದು ಬರೆಯುತ್ತದೆ. ಮನೆಯ ಮಾತಿನಲ್ಲಿ ಹಕಾರವೇ ಇಲ್ಲದಿದ್ದಾಗ ಅದನ್ನು ಎಲ್ಲಿ ಹಾಕಬೇಕೆಂದು ಕಿವಿ ಹೇಳಿಕೊಡುವುದಿಲ್ಲ. ಮಗು ಊಹಿಸುತ್ತದೆ. ಮೊದಲನೆಯದು ಕಿವಿಯನ್ನು ನಂಬಿದ ತಪ್ಪು, ಎರಡನೆಯದು ಮೇಷ್ಟ್ರ ತಿದ್ದುಪಡಿಯನ್ನು ಅತಿಯಾಗಿ ನಂಬಿದ ತಪ್ಪು. ಎರಡಕ್ಕೂ ಒಂದೇ ಔಷಧವಿಲ್ಲ. ‘ಹತ್ತು ಸಲ ಬರೆ’ ಎನ್ನುವುದಂತೂ ಔಷಧವೇ ಅಲ್ಲ.

ಇಂಥ ಪ್ರಶ್ನೆಗಳ ಮೇಲೆಯೇ ವೃತ್ತಿ ಕಟ್ಟಿಕೊಂಡವರಿದ್ದಾರೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಅಕ್ಷರಗಳನ್ನು ಕಲಿಯಲು ಬೇಕಾಗುವುದಕ್ಕಿಂತ ಬಹಳ ಹೆಚ್ಚು ಕಾಲ ಕನ್ನಡದ ಅಕ್ಷರಗಳಿಗೆ ಬೇಕು, ಗುಣಿತ ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಅದರಾಚೆಗೂ ಸಾಗುತ್ತದೆ ಎಂದು ಆ ಅಧ್ಯಯನ ತೋರಿಸಿತು. ಅಕ್ಷರದೊಳಗಿನ ಒಂದೊಂದು ಧ್ವನಿಯನ್ನು ಬಿಡಿಸಿ ಕೇಳುವ ಶಕ್ತಿಯೂ ನಿಧಾನವಾಗಿಯೇ ಬರುತ್ತದೆ. ಮೂರನೇ ತರಗತಿಯಲ್ಲಿ ಒತ್ತಕ್ಷರ ಬಿಟ್ಟು ‘ಅಕ’ ಎಂದು ಬರೆಯುವ ಹುಡುಗನನ್ನು ‘ದಡ್ಡ’ ಎಂದು ಹಿಂದಿನ ಬೆಂಚಿಗೆ ಕಳಿಸುವ ಮೊದಲು ಈ ಒಂದು ಸಂಗತಿ ಗೊತ್ತಿದ್ದರೆ ಸಾಕು, ಮೇಷ್ಟ್ರ ಕೈ ತಡೆಯುತ್ತದೆ. ಭಾಷಾ ಸಂಶೋಧನೆಯಿಂದ ಮಗುವಿಗೆ ಏನು ಲಾಭ ಎಂದು ಕೇಳುವವರಿಗೆ ನನ್ನ ಉತ್ತರ ಇದು.

ಇನ್ನೊಬ್ಬರ ದಾರಿಯೂ ನಮಗೆ ಪಾಠವಾಗುವಂಥದ್ದು. ಜೆಫ್ರಿ ಲಿಡ್ಜ್ ಎಂಬ ಅಮೆರಿಕದ ಸಂಶೋಧಕರು 1990ರ ದಶಕದಲ್ಲಿ, ಡಾಕ್ಟರೇಟ್ ವಿದ್ಯಾರ್ಥಿಯಾಗಿದ್ದಾಗಲೇ, ಕನ್ನಡದ ‘ಕೊಳ್ಳು’ವಿನ ಬೆನ್ನು ಹತ್ತಿದರು. ‘ಹೊಡೆದ’ ಮತ್ತು ‘ಹೊಡೆದುಕೊಂಡ’ ಇವುಗಳ ನಡುವಿನ ವ್ಯತ್ಯಾಸ ನಮಗೆ ಪ್ರಶ್ನೆಯೇ ಅಲ್ಲ. ಅವರಿಗೆ ಅದು ಸಂಶೋಧನೆಯ ವಿಷಯ. ಮುಂದೆ ಅವರು ಲೀಲಾ ಗ್ಲೈಟ್‌ಮನ್ ಮತ್ತು ಹೆನ್ರಿ ಗ್ಲೈಟ್‌ಮನ್ ಜೊತೆ ಸೇರಿ, ಮೂರು ವರ್ಷದ ಆಸುಪಾಸಿನ ಕನ್ನಡ ಮಕ್ಕಳೊಂದಿಗೆ ಮಾಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಹಾರು–ಹಾರಿಸು, ಓಡು–ಓಡಿಸು ಎಂಬಂತೆ ‘ಇಸು’ ಸೇರಿದರೆ ಮಾಡಿಸುವ ಅರ್ಥ ಬರುತ್ತದೆ ಎಂಬುದು ನಮ್ಮ ಪ್ರೇರಣಾರ್ಥಕ ಪಾಠ. ಮಕ್ಕಳ ಕೈಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ವಾಕ್ಯ ಹೇಳಿ, ಅದನ್ನು ಆಡಿ ತೋರಿಸಲು ಕೇಳಿದರು. ದೊಡ್ಡವರು ‘ಇಸು’ವನ್ನು ಹಿಡಿದು ಅರ್ಥ ಮಾಡಿಕೊಂಡರೆ, ಪುಟ್ಟ ಮಕ್ಕಳು ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ಹಿಡಿದು ಅರ್ಥ ಮಾಡಿಕೊಂಡರು. ಎರಡು ಪ್ರಾಣಿಗಳ ಹೆಸರು ಬಂದರೆ ಒಂದು ಇನ್ನೊಂದಕ್ಕೆ ಏನನ್ನೋ ಮಾಡಿತು. ಒಂದೇ ಬಂದರೆ ತಾನೇ ಮಾಡಿತು. ಕೇಳಿಸುವ ಪ್ರತ್ಯಯಕ್ಕಿಂತ ವಾಕ್ಯದ ಕಟ್ಟಡವೇ ಮಗುವಿಗೆ ಮೊದಲ ಆಸರೆ ಎಂಬ ಈ ಫಲಿತಾಂಶ, ಮಕ್ಕಳು ಭಾಷೆ ಕಲಿಯುವ ಬಗೆಯ ಜಾಗತಿಕ ಚರ್ಚೆಗೆ ಕನ್ನಡದಿಂದ ಹೋದ ಸಾಕ್ಷ್ಯ.

ಆಟಿಕೆ ಪ್ರಾಣಿಗಳು, ಕೆಲವು ವಾಕ್ಯಗಳು, ತಾಳ್ಮೆ: ಪ್ರಯೋಗಕ್ಕೆ ಬೇಕಾದದ್ದು ಇಷ್ಟೇ. ನಮ್ಮ ಕಲಿಕೋಪಕರಣದ ಪೆಟ್ಟಿಗೆಯಲ್ಲಿ ಇಲ್ಲದ್ದು ಇದರಲ್ಲಿ ಯಾವುದು? ಇಲ್ಲದಿರುವುದು ಪ್ರಶ್ನೆ ಮಾತ್ರ.

ವ್ಯಾಕರಣ ಪಾಠದಲ್ಲೂ ಅದೇ ಕೊರತೆ. ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾವ ಮಗುವೂ, ಯಾವ ಮೇಷ್ಟ್ರೂ ಹೇಳುವುದಿಲ್ಲ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಕೂರಿಸುವ ಈ ಅಭ್ಯಾಸವನ್ನು ಡಿ.ಎನ್. ಶಂಕರ ಭಟ್ ಅವರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದಲ್ಲಿ ಪ್ರಶ್ನಿಸಿದರು. ಅವರೂ ಡೆಕ್ಕನ್ ಕಾಲೇಜಿನಲ್ಲಿ ಪಿಎಚ್.ಡಿ. ಮಾಡಿದವರೇ. ಅವರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕಾಗಿಲ್ಲ. ಆದರೆ ಮಕ್ಕಳು ಆಡುವ ಮಾತನ್ನು ಆಧಾರವಾಗಿಟ್ಟುಕೊಂಡು ವ್ಯಾಕರಣದ ನಿಯಮವನ್ನು ಪರೀಕ್ಷಿಸುವ ಧೈರ್ಯ ಪ್ರತಿ ಕನ್ನಡ ಶಿಕ್ಷಕರಿಗೂ ಬೇಕು.

ಯಂತ್ರಕ್ಕೆ ಭಾಷೆ ಕಲಿಸುವ ಕೆಲಸವೂ ಇದೇ ನೆಲದಲ್ಲಿ ನಿಂತಿದೆ. ‘ಬರೆಯಲಾರದವರಿಗೂ’ ಎಂಬ ಒಂದೇ ಪದದಲ್ಲಿ ಬರೆಯುವ ಕ್ರಿಯೆ, ಅಸಾಮರ್ಥ್ಯ, ಅಂಥ ಜನ, ಚತುರ್ಥಿ, ಒತ್ತಿ ಹೇಳುವ ‘ಊ’ ಎಲ್ಲವೂ ಸೇರಿವೆ. ಇದನ್ನು ಬಿಡಿಸಲು ಬಾರದ ಗಣಕಕ್ಕೆ ಕನ್ನಡ ಬರುವುದಿಲ್ಲ. ಇದಕ್ಕಾಗಿ ಬೇಕಾಗುವ ಪಠ್ಯಸಂಚಯ ಕಟ್ಟುವ ಕೆಲಸ ನಮ್ಮೂರಿನಲ್ಲೇ ನಡೆದಿದೆ. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ದಕ್ಷಿಣದ ಭಾಷೆಗಳಿಗೆ ಇಂಥ ಸಂಚಯಗಳನ್ನು ಕಟ್ಟಿತು. ಆ ಸಂಸ್ಥಾನ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮೂರೂ ಮಾನಸಗಂಗೋತ್ರಿಯಲ್ಲಿವೆ. ಭಾಷೆ, ಮಾತಿನ ತೊಂದರೆ, ಶಿಕ್ಷಕರ ತರಬೇತಿ ಮೂರಕ್ಕೂ ರಾಷ್ಟ್ರಮಟ್ಟದ ಸಂಸ್ಥೆಗಳಿರುವ ಇಂಥ ಊರು ಅಪರೂಪ. ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಅರಮನೆಗೂ ಮೃಗಾಲಯಕ್ಕೂ ಕರೆದೊಯ್ಯುವ ನಾವು ಇಲ್ಲಿಗೂ ಒಂದು ದಿನ ಕರೆದೊಯ್ಯಬಹುದಲ್ಲವೇ?

ಹಾಗೆಂದು ಬಣ್ಣದ ಮಾತು ಹೇಳಿ ಯಾರನ್ನೂ ಆ ದಾರಿಗೆ ಹತ್ತಿಸಬಾರದು. ಭಾಷಾವಿಜ್ಞಾನದ ಪಿಎಚ್.ಡಿ. ಎಂದರೆ ಎಂ.ಎ. ನಂತರ ನಾಲ್ಕೈದು ವರ್ಷಗಳ ದುಡಿಮೆ. ನೆಟ್ ಪರೀಕ್ಷೆಯಲ್ಲಿ ಭಾಷಾವಿಜ್ಞಾನ ಪ್ರತ್ಯೇಕ ವಿಷಯವಾಗಿಯೇ ಇದೆ. ಕಿರಿಯ ಸಂಶೋಧನಾ ಶಿಷ್ಯವೇತನ ಸಿಕ್ಕವರಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ, ಸಿಗದವರಿಗೆ ಕಷ್ಟ. ಕಾಯಂ ಹುದ್ದೆಗಳು ಕಡಿಮೆ, ಯೋಜನೆಗಳ ಗುತ್ತಿಗೆ ಕೆಲಸ ಹೆಚ್ಚು. ಮನೆಯ ಹೊಣೆ ಹೊತ್ತ ಹೆಣ್ಣುಮಕ್ಕಳಿಗೆ ಈ ಲೆಕ್ಕ ಇನ್ನೂ ಬಿಗಿ. ಇದನ್ನೆಲ್ಲ ಮುಚ್ಚಿಡದೆ ಹೇಳಬೇಕು. ಹೇಳಿದ ಮೇಲೂ ಆಸೆ ಉಳಿದವರಿಗೆ ಡೆಕ್ಕನ್ ಕಾಲೇಜು, ಹೈದರಾಬಾದಿನ ವಿಶ್ವವಿದ್ಯಾಲಯಗಳು, ಭಾಷಾ ಸಂಸ್ಕರಣೆಗೆ ಅಲ್ಲಿನ ಐಐಐಟಿ ಎಂದು ವಿಳಾಸ ಕೊಡಬೇಕು. ಬಾಗಿಲು ಮುಚ್ಚುವ ಕೆಲಸ ಮಾತ್ರ ನಮ್ಮದಲ್ಲ.

ಹೋಗದವರ ಮಾತೇನು? ನನ್ನ ಮುಖ್ಯ ಕಾಳಜಿ ಅವರದೇ, ಏಕೆಂದರೆ ಬಹುಪಾಲು ಮಂದಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಎರಡು ವರ್ಷದ ಬಿ.ಇಡಿ. ಬಂದ ಮೇಲೆ ಶಾಲಾ ಇಂಟರ್ನ್‌ಶಿಪ್‌ಗೆ ಒಟ್ಟು 20 ವಾರಗಳಿವೆ. ಆ ವಾರಗಳಲ್ಲಿ ಪಾಠಯೋಜನೆಯ ಪುಟಗಳು ಉದ್ದೇಶ, ನಿರ್ದಿಷ್ಟ, ಮೌಲ್ಯಮಾಪನಗಳಿಂದ ತುಂಬುತ್ತವೆ. ಮಗು ನಿಜವಾಗಿ ಏನು ಹೇಳಿತು ಎಂಬುದಕ್ಕೆ ಮಾತ್ರ ಜಾಗವಿರುವುದಿಲ್ಲ. ಭಾಷಾ ಬೋಧನೆಯ ಪ್ರತಿ ದಾಖಲೆ ಪುಸ್ತಕದಲ್ಲೂ ಪಾಠಕ್ಕೊಂದು ಪುಟ ಇದಕ್ಕೆಂದೇ ಇರಲಿ ಎಂಬುದು ನನ್ನ ಸಲಹೆ. ಮಗು ಹೇಳಿದ ಅಥವಾ ಬರೆದ ಮೂರು ವಾಕ್ಯಗಳು, ತಿದ್ದದೆ, ಹಾಗೆಯೇ. ಪಕ್ಕದಲ್ಲಿ ವಯಸ್ಸು, ತರಗತಿ, ಮನೆಮಾತು. ಹೆಸರು ಬೇಡ, ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಬೇಕು. ಕೆಳಗೆ ಒಂದೇ ಪ್ರಶ್ನೆಗೆ ಉತ್ತರ: ಈ ಮಗು ಯಾವ ನಿಯಮವನ್ನು ಪಾಲಿಸುತ್ತಿದೆ?

ಕೆಲಸದ ಹೊರೆ ಈಗಾಗಲೇ ಹೆಚ್ಚು ಎಂದು ಸಹೋದ್ಯೋಗಿಗಳು ಹೇಳಬಹುದು. ಅದು ನಿಜ. ಆದ್ದರಿಂದ ಇದನ್ನು ಸೇರಿಸುವುದಕ್ಕೆ ಪ್ರತಿಯಾಗಿ ಇನ್ನೊಂದನ್ನು ತೆಗೆಯೋಣ. ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡುವ ‘ಪೂರ್ವಜ್ಞಾನ’ದ ಸಾಲುಗಳನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಮಗುವಿನ ವಾಕ್ಯಗಳೇ ಅದರ ಪೂರ್ವಜ್ಞಾನದ ನಿಜವಾದ ದಾಖಲೆ. ನೈದಾನಿಕ ಪರೀಕ್ಷೆಗೂ ಪರಿಹಾರ ಬೋಧನೆಗೂ ಕ್ರಿಯಾ ಸಂಶೋಧನೆಗೂ ಬೇರೆ ವಿಷಯ ಹುಡುಕುವ ಕಷ್ಟವೂ ತಪ್ಪುತ್ತದೆ.

ಇಂಥ ಒಂದು ವರ್ಷದ ಪುಟಗಳು ಒಟ್ಟಾದರೆ ಮೈಸೂರಿನ ಶಾಲೆಗಳಲ್ಲಿ ಮಕ್ಕಳು ಕನ್ನಡವನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬುದರ ಒಂದು ಚಿತ್ರ ಸಿಗುತ್ತದೆ. ಅದರಿಂದ ಯಾರೋ ಒಬ್ಬರು ನಾಳೆ ಪ್ರಬಂಧ ಬರೆಯಬಹುದು, ಬರೆಯದೆಯೂ ಇರಬಹುದು. ಆದರೆ ‘ಬಸ್ಸು ಬಂದಳು’ ಎಂದ ಮಗುವಿನ ಮುಂದೆ ನಿಂತ ಹೊಸ ಶಿಕ್ಷಕಿ ತರಗತಿಯ ಜೊತೆ ನಗದೆ, ‘ನಿಮ್ಮ ಮನೇಲಿ ಇದನ್ನ ಹೇಗೆ ಹೇಳ್ತೀರಿ ಪುಟ್ಟಾ?’ ಎಂದು ಕೇಳುತ್ತಾಳೆ. ಅಷ್ಟು ಸಾಧಿಸಿದರೆ ನಮ್ಮ ಅಭ್ಯಾಸ ಬೋಧನೆಗೆ ಅರ್ಥ ಬಂದಂತೆ.